ತಪ್ಪುವವರೆಗೆ

ನಾವು ಕಳಿಸುವ ಕಾಗದದಲ್ಲಿ ಇರುವುದು ಇಷ್ಟೇ:
ಹಿಂದಿನ ರಾತ್ರಿ ಮಗು ಚೆನ್ನಾಗಿ ಮಲಗಲಿ,
ತಿಂಡಿ ತಿಂದು ಬರಲಿ, ಕನ್ನಡಕವಿದ್ದರೆ ತರಲಿ.
ಓದಿಸಬೇಡಿ. ಓದಿಕೊಂಡು ಬರುವಂಥದ್ದು ಇಲ್ಲೇನೂ ಇಲ್ಲ.

ಆದರೂ ಗ್ನ್ಯೆವ್ಕೊ ಬಂದದ್ದು
ಅಂಗೈ ತುಂಬ ಏಳರ ಮಗ್ಗಿ ಬರೆದುಕೊಂಡು.
ಒಂಬತ್ತು ವರ್ಷ. ಮೂಗು ಸೋರುತ್ತಿತ್ತು.
ಹೊರಗೆ ಗ್ದಾನ್ಸ್ಕಿನ ಜನವರಿ,
ಟ್ರಾಮಿನ ತಂತಿಯಲ್ಲಿ ಆಗಾಗ ನೀಲಿ ಕಿಡಿ.
ಅವನಮ್ಮ ಬೊಗ್ನಾ, ಟ್ರಾಮ್ ಓಡಿಸುವವಳು,
ಸಮವಸ್ತ್ರದಲ್ಲೇ ಬಂದು ಬೆಂಚಿನ ತುದಿಗೆ ಕೂತಳು,
ಮುಂದಿನ ನಿಲ್ದಾಣಕ್ಕೆ ಇಳಿಯಬೇಕಾದವರು ಕೂರುವ ಹಾಗೆ.

ಬಾ, ಕೂತುಕೋ. ಮೊದಲೇ ಹೇಳಿಬಿಡುತ್ತೇನೆ.
ಇಲ್ಲಿ ನಾನು ಶಭಾಷ್ ಅನ್ನುವುದಿಲ್ಲ,
ಅಯ್ಯೋ ಅನ್ನುವುದೂ ಇಲ್ಲ.
ಮೇಜಿನ ಮರೆಯಲ್ಲಿ, ನನ್ನ ಮೊಣಕಾಲ ಮೇಲೆ, ಗಡಿಯಾರ ಇದೆ;
ನಿನಗದು ಗೊತ್ತು ಅಂತ ನನಗೂ ಗೊತ್ತು.
ಸುಲಭದಿಂದ ಶುರು. ಆಮೇಲೆ ಕಷ್ಟ. ಆಮೇಲೆ ಇನ್ನೂ ಕಷ್ಟ.
ಸಾಲಾಗಿ ಮೂರು ತಪ್ಪಿದರೆ ನಿಲ್ಲಿಸುತ್ತೇನೆ.
ಎಲ್ಲರೂ ತಪ್ಪುತ್ತಾರೆ. ಈ ಕುರ್ಚಿಯಿಂದ ಗೆದ್ದು ಎದ್ದವರನ್ನು
ಇಪ್ಪತ್ತಾರು ವರ್ಷದಲ್ಲಿ ನಾನು ಕಂಡಿಲ್ಲ.
ಮೊತ್ವಾವಾ ನದಿಯಲ್ಲಿ ಹಿಂದೆ ಹಡಗಿನವರು
ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಡುತ್ತಿದ್ದರಂತೆ.
ಕೆಸರು ತಗಲಿದರೇ ಆಳ ತಿಳಿಯುವುದು.
ತಗಲಿದ್ದು ನದಿಯ ತಪ್ಪಲ್ಲ.

ಇಷ್ಟೆಲ್ಲ ಹೇಳಲು ಕೈಪಿಡಿಯಲ್ಲಿ ಅನುಮತಿ ಇಲ್ಲ.
ಹಾಗಾಗಿ ಹೇಳಿದ್ದು ಇಷ್ಟು:
"ಕೆಲವು ಸುಲಭ, ಕೆಲವು ಕಷ್ಟ. ನಿನಗಾದಷ್ಟು ಮಾಡು."

ಬಣ್ಣದ ಮರದ ತುಂಡುಗಳಲ್ಲಿ ಅವನು ಮಿಂಚು.
ನಾನು ಚಿತ್ರ ತೋರಿಸಿ ಉಸಿರು ಬಿಡುವಷ್ಟರಲ್ಲಿ
ಹಾಗೆಯೇ ಕಟ್ಟಿ, ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದ,
ಬಿಸಿ ಪಾತ್ರೆ ಮುಟ್ಟಿದಂತೆ.
ಆಮೇಲೆ ಅಕ್ಷರದ ಹಾಳೆ ಬಂತು.
ತೋರುಬೆರಳು ಮೊದಲ ಪದದ ಹೊಸ್ತಿಲಲ್ಲೇ ನಿಂತಿತು.
ಮೊದಲಕ್ಷರ ಹಿಡಿದು ಉಳಿದದ್ದನ್ನು ಊಹಿಸುತ್ತಿದ್ದ;
ಅವನು ಊಹಿಸಿದ ಕಥೆ, ಒಪ್ಪಿಕೊಳ್ಳುತ್ತೇನೆ,
ಅಲ್ಲಿ ಅಚ್ಚಾಗಿದ್ದ ಕಥೆಗಿಂತ ಚೆನ್ನಾಗಿತ್ತು.

ದೋಣಿಗೂ ಟ್ರಾಮಿಗೂ ಏನು ಹೋಲಿಕೆ?
ಬಹಳ ಹೊತ್ತು ಕಿಟಕಿ ನೋಡಿದ.
"ಎರಡರಲ್ಲೂ, ಓಡಿಸುವವರನ್ನ ಮಾತಾಡಿಸಬಾರದು."
ಕೈಪಿಡಿಗೆ ಬೇಕಾದದ್ದು: ವಾಹನ.
ಸೊನ್ನೆ ಬರೆದೆ. ಪಕ್ಕದಲ್ಲಿ ಅವನ ಮಾತನ್ನು
ಆಡಿದ ಹಾಗೇ ಬರೆದುಕೊಂಡೆ. ಅದು ನಿಯಮ.
ನಿಯಮಗಳಲ್ಲಿ ನಾನು ಪ್ರೀತಿಸುವುದು ಅದೊಂದನ್ನೇ.

ಮೂರು ವಾರದ ಮೇಲೆ ಬೊಗ್ನಾ ಒಬ್ಬಳೇ ಬಂದಳು.
"ದಡ್ಡನಾ?" ಎಂದಳು, ಕೋಟು ಬಿಚ್ಚುವ ಮೊದಲೇ.
ಅಲ್ಲ, ಎಂದೆ. ಓದು ಅವನಿಗೆ ಏರುದಾರಿ.
ಈ ವರದಿ ತೋರಿಸಿದರೆ ಶಾಲೆಯಲ್ಲಿ ಹೆಚ್ಚು ಸಮಯ ಕೊಡುತ್ತಾರೆ.
ಹನ್ನೊಂದು ಪುಟ. ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ
ಇವನು ಎಷ್ಟನೆಯವನು ಎಂಬ ಲೆಕ್ಕ.
ಒಂದೊಂದೇ ಪುಟ ತಿರುವಿದಳು.
ಹನ್ನೊಂದಕ್ಕೂ ಅಷ್ಟಷ್ಟೇ ಹೊತ್ತು.
"ಕನ್ನಡಕ ಮರೆತು ಬಂದೆ. ನೀವೇ ಓದಿಬಿಡಿ."

ನಮ್ಮ ಅರ್ಜಿಯ ಏಳನೇ ಪ್ರಶ್ನೆ:
ಮನೆಯಲ್ಲಿ ಬೇರೆ ಯಾರಿಗಾದರೂ ಓದುವ ತೊಂದರೆ ಇತ್ತೇ?
ಇಲ್ಲ, ಎಂದು ತುಂಬಿತ್ತು,
ಅವನಕ್ಕನ ದುಂಡನೆಯ ಅಕ್ಷರದಲ್ಲಿ.

ಓದಿದೆ. ಗಡಿಯಾರ ಡ್ರಾಯರಿನಲ್ಲಿತ್ತು.
ನಾಲ್ಕನೇ ಪುಟಕ್ಕೆ, ದೋಣಿ ಮತ್ತು ಟ್ರಾಮಿಗೆ ಬಂದಾಗ
ಗಕ್ಕನೆ ನಕ್ಕಳು. "ಅದು ನನ್ನ ಬೆನ್ನ ಹಿಂದಿನ ಫಲಕ!
ಬಾಗಿಲ ಮೇಲೇ ಬರೆದಿದೆ." ಆಮೇಲೆ ಸುಮ್ಮನಾದಳು.
"ನಾನಂತೂ ಅವನಿಗೆ ಓದಿ ಹೇಳಿಲ್ಲ."

ಸೊನ್ನೆ ತಿದ್ದುವ ಹಾಗಿಲ್ಲ. ತಿದ್ದಲಿಲ್ಲ.
ಏಳನೇ ಪ್ರಶ್ನೆಯನ್ನೂ ಮತ್ತೆ ಕೇಳಲಿಲ್ಲ.
ಅವಳ ಪಾಳಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.
ಆ ಪುಟ ಇನ್ನೊಂದು ಸಲ, ಎಂದಳು.
ಬೆರಳಿಟ್ಟು, ಅವಳ ಕಣ್ಣು ಜೊತೆಗೆ ಬರುವಷ್ಟು ನಿಧಾನ,
ಓದಿದೆ.