ಸರದಿಯಲ್ಲಿ ಇನ್ನೂ ಮೂರು

ಚೆಂಬೂರಿನ ಆಸ್ಪತ್ರೆ. ನಾನು ಕೂರುವ ಕೋಣೆಯ ಗೋಡೆಗೆ
ಕಬ್ಬಿಣದ ಒಂದು ಕಪಾಟು.
ಹನ್ನೆರಡು ಮಹಡಿಗಳ ಕಿವಿ, ಮೂಗು ಅದರೊಳಗೆ.
ಬಾಯಿ ಮಾತ್ರ ಒಂದೇ.

ಹೊಗೆ ಎದ್ದರೂ ಅದೇ ಬಾಯಿ, ಅನಿಲ ಸೋರಿದರೂ ಅದೇ,
ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಗುಂಡಿ ಒತ್ತಿದರೂ.
ಹಾಗಾಗಿ ಸರದಿ ಬೇಕಾಯಿತು, ಎಂದರು ಪಾಟಣಕರ್ ಸಾಹೇಬರು
ತರಬೇತಿಯ ಮೊದಲ ದಿನ, ಹಲಗೆಯ ಮೇಲೆ ಏಣಿ ಬರೆದು.
ತುದಿಯಲ್ಲಿ ಕೆಂಪು: ಬೆಂಕಿ.
ಅದರ ಕೆಳಗೆ ನೀಲಿ: ಊರ ಗಾಳಿ ಕೆಟ್ಟರೆ.
ಕಟ್ಟಕಡೆಗೆ ಹಳದಿ: ತಂತಿ ಕಡಿದದ್ದು, ಬ್ಯಾಟರಿ ಸೋತದ್ದು,
ಯಾವುದೋ ಮೂಲೆ ಕರೆದರೂ ಓಗೊಡದೆ ಇದ್ದದ್ದು.
ಹಳದಿ ಕಾಯುತ್ತದೆ ಕಣಪ್ಪಾ, ಅಂದರು,
ಅದಕ್ಕೆ ಬೇಜಾರೂ ಇಲ್ಲ.

ಆ ರಾತ್ರಿ ಒಂದೂ ಹತ್ತಕ್ಕೆ ಹಳದಿ.
ಬೇಸ್‌ಮೆಂಟ್ ಎರಡು, ಲಾಂಡ್ರಿ: ಉತ್ತರವಿಲ್ಲ.
ಗುಂಡಿ ಒತ್ತಿ ಬಾಯಿ ಮುಚ್ಚಿಸಿದೆ. ದೀಪ ಉಳಿಯಿತು.
ಇಲಿ ಇರಬೇಕು. ಮುಂಬಯಿಯಲ್ಲಿ ತಂತಿ ತಿನ್ನದ ಇಲಿ ಎಲ್ಲಿದೆ?
ಬೆಳಿಗ್ಗೆ ಇರ್ಫಾನ್ ಬಂದು ನೋಡುತ್ತಾನೆ.

ಮೂರೂ ಹದಿನೇಳಕ್ಕೆ ಎರಡನೇ ಮಹಡಿಯ ಅಡುಗೆಮನೆ ಕೆಂಪಾಯಿತು.
ನಲವತ್ತು ಸೆಕೆಂಡು ದಾಟಿರಲಿಲ್ಲ,
ಖಾಡಿಯಾಚೆಯ ಕಾರ್ಖಾನೆಯಿಂದ ನೀಲಿ: ಅಮೋನಿಯಾ.
ಹಿಂದೆಯೇ ಒಂಬತ್ತರಲ್ಲಿ ನಿಂತ ಲಿಫ್ಟು.
ಪರದೆಯಲ್ಲಿ ಬೆಂಕಿಗೊಂದು ಸಾಲು, ಕೆಳಗೆ ಸಣ್ಣಕ್ಷರ:
ಸರದಿಯಲ್ಲಿ ಇನ್ನೂ ಮೂರು.

ಕೆಂಪು ಹೇಳುತ್ತದೆ, ಹೊರಗೆ ಬನ್ನಿ.
ನೀಲಿ ಹೇಳುತ್ತದೆ, ಕಿಟಕಿ ಮುಚ್ಚಿ, ಒಳಗೇ ಇರಿ.
ಎರಡೂ ಒಬ್ಬಳದೇ ದನಿ. ದಾದರಿನ ಯಾವುದೋ ಸ್ಟುಡಿಯೋದಲ್ಲಿ
ಒಂದೇ ಮಧ್ಯಾಹ್ನ, ಮೂರು ಭಾಷೆಯಲ್ಲಿ
ಎರಡನ್ನೂ ಓದಿ, ದುಡ್ಡು ಎಣಿಸಿಕೊಂಡು
ಲೋಕಲ್ ಹಿಡಿದವಳು.

ಕಪಾಟಿಗೆ ಗೊತ್ತಿದ್ದದ್ದು ಏಣಿ ಮಾತ್ರ.
ಬಾಗಿಲುಗಳ ಬೀಗ ಸಡಿಲಿಸತೊಡಗಿತ್ತು ಆಗಲೇ.
ಮೇಲೆ ಇನ್ನೂರ ಹನ್ನೆರಡು ಹಾಸಿಗೆ.
ಅಡುಗೆಮನೆಗೆ ಓಡಿದ್ದ ಢವಳೆ ಫೋನಿನಲ್ಲಿ ಏದುಸಿರು ಬಿಡುತ್ತಾ
ಹಾಲು, ಭಾವೂ, ಹಾಲು ಸೀದದ್ದು, ಅಂದ.
ಕೊರಳ ಕೀಲಿ ತೆಗೆದು ತಿರುಗಿಸಿದೆ.
ಅವಳ ದನಿ ಅರ್ಧ ಪದದಲ್ಲಿ ಕಡಿದು,
ಅದೇ ಶಾಂತಿಯಲ್ಲಿ ಒಳಗೇ ಇರಿ ಎಂದಿತು.

ಇಪ್ಪತ್ತು ನಿಮಿಷ. ಗಾಳಿ ಸಮುದ್ರದ ಕಡೆ ಹೊರಳಿತಂತೆ.
ಲಿಫ್ಟಿನಿಂದ ಹೊರಬಿದ್ದ ವಾರ್ಡ್‌ಬಾಯ್
ಫೋನು ಮಾಡಿ ನನ್ನ ತಾಯಿಯ ಹೆಸರೆತ್ತಿ ಬೈದ.
ನನಗೂ ನೆನಪಾದಳು.

ಅಳುವ ಮಗುವಿಗೆ ಹಾಲು ಅನ್ನುತ್ತಾರೆ. ನಮ್ಮವ್ವ ಹಾಗಲ್ಲ.
ಘಾಟ್ಕೋಪರದ ಚಾಳು, ಹತ್ತಡಿ ಖೋಲಿ, ನಾವು ನಾಲ್ವರು.
ಕಿರುಚಾಡಿದಷ್ಟು ಹೊತ್ತು ತಿರುಗಿಯೂ ನೋಡದೆ
ರೊಟ್ಟಿ ಬಡಿಯುತ್ತಿದ್ದಳು.
ಒಬ್ಬರ ಸದ್ದು ನಿಂತರೆ ಸಾಕು,
ಹಿಟ್ಟಿನ ಕೈಯಲ್ಲೇ ಎದ್ದು ಬರುತ್ತಿದ್ದಳು.
ನೀರಿನ ಪೀಪಾಯಿಯಿಂದ ತಮ್ಮನನ್ನು ಎತ್ತಿದ್ದು ಹಾಗೆ,
ಕಾಲು ಹಿಡಿದು.

ಕುರ್ಚಿ ಬಿಡಬಾರದು, ನಿಯಮ. ಢವಳೆಯನ್ನು ಕೂರಿಸಿ
ಟಾರ್ಚು ಹಿಡಿದು ಇಳಿದೆ.
ತಂತಿ ಇಲಿಯೇ ತಿಂದಿತ್ತು.
ಅದರಡಿ, ಬಿಸಿ ಆರದ ಚಾದರಗಳ ರಾಶಿಯ ಮೇಲೆ
ಕೌತಿಕಾಬಾಯಿ ಮಲಗಿದ್ದಳು, ಬಾಯಿ ಸ್ವಲ್ಪ ತೆರೆದು.
ಸ್ಪೀಕರಿನ ತಂತಿಯೂ ಅದೇ ಕೊಳವೆಯದು.
ಹೊರಗೆ ಬಾ ಎಂದದ್ದೂ ಅವಳಿಗೆ ಕೇಳಿಲ್ಲ,
ಒಳಗಿರು ಎಂದದ್ದೂ.
ಹೊಟ್ಟೆ ಏರಿಳಿಯುವುದನ್ನು ಐದರವರೆಗೆ ಎಣಿಸಿ
ಕರೆದೆ.
ಸೆರಗು ಎಳೆದುಕೊಂಡು ಎದ್ದು ಕೂತು, ಕಾಯ್ ಝಾಲಂ? ಅಂದಳು.
ಏನಿಲ್ಲ, ಹಾಲು ಸೀಯಿತು.

ಲಾಗ್ ಪುಸ್ತಕದಲ್ಲಿ ನಾಲ್ಕು ಸಾಲು ಬರೆದೆ.
ಲಾಂಡ್ರಿಯ ಎದುರಿನ ಆದ್ಯತೆಯ ಖಾನೆಯಲ್ಲಿ
ಕೈ ತಾನಾಗಿ ಬರೆದದ್ದು ೧,
ರಾತ್ರಿಶಾಲೆಯಲ್ಲಿ ಕಲಿತ ಕನ್ನಡದ ಒಂದು.
ಹದಿನೈದಕ್ಕೆ ಆಡಿಟ್ ಇದೆ.
ಬಂದವರು ಅದನ್ನು ಸರಿಯಾಗಿ ಕೂಡದ ಸೊನ್ನೆ ಎಂದುಕೊಂಡಾರು.
ಎಂದುಕೊಳ್ಳಲಿ.