ದಾವಲಸಾಬನ ಚುಂಬಕ

ಗಬ್ಬೂರ ಬೈಪಾಸಿನ ಬಾಜೂಕ ಭಾಂಡಗೆ ಮಾಲಕರ ಯಾರ್ಡು.
ಲಿಲಾವಿನಾಗ ಹಿಡದ ಹನ್ನೊಂದು ಮಿಲಿಟರಿ ಗಾಡಿ
ಸಾಲಾಗಿ ನಿಂತಾವ, ಹೊಸಾ ಹಸರ ಹೊದ್ದು.
ಬಣ್ಣ ಹೊಡದಾಂವ ನಾನು.
ಎಲ್ಲೆಲ್ಲಿ ಪುಟ್ಟಿ ತುಂಬೇನಿ, ಎಷ್ಟು ತುಂಬೇನಿ
ನನಗ ಗೊತ್ತು, ನನ್ನ ಬೆರಳಿಗೆ ಗೊತ್ತು.
ಮೂರನೇದವರಿಗೆ ಗೊತ್ತಾಗಬಾರದು ಅಂತನ
ನನಗ ಪಗಾರ.

ಸೋಮವಾರ ಹೊತ್ತೇರೂಕಿಂತ ಮೊದಲ
ಗದಗಿನಿಂದ ಬಂದರು ಚೆನ್ನಬಸವ್ವ ಹೊಂಬಳ.
ಬೋರ್ ಕೊರಿಯೋ ಮಷಿನ್ ಹೊರಾಕ ಒಂದು ಗಾಡಿ ಬೇಕಾಗಿತ್ತು.
ಅವರ ಹಿಂದ, ಕೈಚೀಲ ಹಿಡಕೊಂಡು, ದಾವಲಸಾಬ:
ಬಸ್ಸಿನ ವರ್ಕ್‌ಶಾಪಿನಾಗ ಮೂವತ್ತಾರು ವರ್ಷ ಸವೆದ ಮನಶ್ಯಾ,
ಎಡಗಣ್ಣಿಗೆ ಪರಿ ಬಂದೇತಿ.

ಬಾನೆಟ್ಟಿಗೆ ಅಂಗೈ ಇಟ್ಟ, ಕೂಸಿನ ಜ್ವರಾ ನೋಡಿದಂಗ.
ಮುಂಜಾನೆ ಐದಕ್ಕ ಚಾಲೂ ಮಾಡಿ ಬೆಚ್ಚಗ ಇಟ್ಟಿದ್ದವಿ ನಾವು.
ನಕ್ಕ. "ಚಹಾ ಕುಡ್ಯೂಣು. ತಣ್ಣಗಾಗಲಿ.
ಥಂಡ್ಯಾಗ ಎದ್ದರ ಅದು ಗಾಡಿ.
ಬಿಸಿ ಇದ್ದಾಗ ಯಾರರ ಏಳತಾರ."

ಎರಡು ತಾಸು ಕುಂತ.

ಮೀಟರಿನಾಗ ಹತ್ತೊಂಬತ್ತು ಸಾವಿರ.
ಮಾಲಕರು ಅದನ್ನ ಎರಡು ಸಲ ಓದಿ ಹೇಳಿದರು.
ದಾವಲಸಾಬ ಬಗ್ಗಿ ಕ್ಲಚ್ಚಿನ ಪೆಡಲ್ ಸವರಿದ:
ರಬ್ಬರ್ ಹಳೇದು, ಗೆರಿ ಮಾತ್ರ ಹೊಸಾವು.
"ಮೀಟರ್ ಖರೇನ ಹೇಳೇತಿ," ಅಂದ. "ನನಗ ಅದರದ ಅಂಜಿಕಿ.
ಇಷ್ಟ ಓಡೇತಿ ಅಂದರ
ಉಳದ ವರ್ಷ ಎಲ್ಲಾ ಏನ್ ಮಾಡತಿತ್ತು ಇದು?"

ಎಣ್ಣಿ ಮುಚ್ಚಳ ಬಿಚ್ಚಿ ಮೂಸಿದ. ಮಜ್ಜಿಗಿ ಆಗಿರಲಿಲ್ಲ.
ಟೈರಿನ ಬಗಲಾಗಿನ ನಾಕು ಅಂಕಿ ಬೆರಳಲೆ ಓದಿದ,
ನಾ ಹಚ್ಚಿದ ಕರಿ ಪಾಲಿಶು ಬೆರಳಿಗೆ ಹತ್ತಿತು,
ನನ್ನ ಅಂಗಿಗೇ ಒರಸಿದ.

ಆಮ್ಯಾಲ ಚೀಲದಾಗಿಂದ ಚುಂಬಕ ತಗದ.
ಹಳೇ ಸ್ಪೀಕರಿನದು, ಬಳಿ ಅಂಥಾದ್ದು, ದಾರ ಕಟ್ಟಿದ್ದು.
ಬಾಗಲಿಗೆ ಹಿಡದ, ಟಕ್ಕನ ಕಚ್ಚಿತು.
ಮಡ್‌ಗಾರ್ಡಿಗೆ ಹಿಡದ, ಕಚ್ಚಿತು.
ಕ್ಯಾಬಿನ್ನಿನ ತಳಕ್ಕ, ಬಲಕ್ಕ, ಒಂದು ಗೇಣು ಜಾಗಾ,
ಜಾರಿ ಬಿತ್ತು.
ಮತ್ತ ಹಿಡದ. ಮತ್ತ ಬಿತ್ತು.
ನನ್ನ ಕಡೆ ನೋಡಲಿಲ್ಲ. ನೋಡಿದ್ದರ ಚಲೋ ಇತ್ತು.

"ಎಷ್ಟು ದಪ್ಪ ತುಂಬೀಯೋ ಪೇಂಟರ?"
"ಒಂದು ಬೆರಳು," ಅಂದೆ.
ಆಫೀಸಿನ ಬಾಗಲದಾಗ ಮಾಲಕರು ಕೆಮ್ಮಿದರು.

"ಹಂಗಾರ ಬ್ಯಾಡೇನ್ರಿ?" ಚೆನ್ನಬಸವ್ವ.
"ತಡೀರಿ. ಇದು ಓಡಿ ಕೆಟ್ಟದ್ದಲ್ಲ, ನಿಂತು ಕೆಟ್ಟದ್ದು.
ಶೆಡ್ಡಿನಾಗ ಕಾಯತಿರತಾವರಿ ಇವು, ಇವತ್ತ ಕರೀತಾರು, ನಾಳೆ ಕರೀತಾರು ಅಂತ.
ಕರಿಯೂದಿಲ್ಲ.
ಸೀಲು ಒಣಗತಾವ, ಟಾಕಿಯೊಳಗ ಡೀಸಲ್ ಪಾಚಿಗಟ್ಟತೈತಿ,
ಸೀಟಿನಾಗ ಇಲಿ ಮರಿ ಹಾಕತಾವ.
ಚಾಸಿ ಗಟ್ಟಿ ಐತಿ. ಈಗ ಹಚ್ಚೋ ಕೀಲಿ."

ಒಂದು ಸಲ ನರಳಿತು. ಎರಡನೇದಕ್ಕ ಸುಮ್ಮನಾತು.
ಮೂರನೇದಕ್ಕ ಬಿಳೇ ಹೊಗಿ, ಕರೇ ಹೊಗಿ, ಆಮ್ಯಾಲ
ಹೊಗಿ ಇಲ್ಲ, ಬರೇ ದನಿ.
ಚಹಾದ ಗ್ಲಾಸು ಮಡ್‌ಗಾರ್ಡಿನ ಮ್ಯಾಲ ಇಟ್ಟ ಮುದುಕ.
ಚಹಾ ನಡಗಿತು, ಬಳಿ ಬಳಿ ಬರದಂಗ ನಡಗಿತು,
ಚೆಲ್ಲಲಿಲ್ಲ.

ಐವತ್ತು ಸಾವಿರ ಕಡಿಮಿ ಆತು.
"ಪುಟ್ಟಿ ಈ ಬಾಯಿಯವರ ಮುಂದ ಕೀಳು," ಅಂದ ನನಗ.
ಉಳಿ ಹಚ್ಚಿ ಕಿತ್ತೆ.
ನನ್ನ ಹಸರ, ಅದರ ಕೆಳಗ ಮರಳ ಬಣ್ಣ,
ಅದರ ಕೆಳಗ ಇನ್ನೊಂದು ಹಸರ, ಕೆಂಪು ಪ್ರೈಮರು, ಜಂಗು,
ಆಮ್ಯಾಲ ಏನೂ ಇಲ್ಲ: ಒಂದು ತೂತು,
ತೂತಿನ ಆಚೆ ಚೆನ್ನಬಸವ್ವನ ಚಪ್ಪಲಿ.

ನಾಡಿದ್ದು ಹಾವೇರಿ ಮಂದಿ ಬರತಾರಂತ, ಉಳದ ಹತ್ತು ನೋಡಾಕ.
ಪುಟ್ಟಿಯೊಳಗ ಕಬ್ಬಿಣದ ಪುಡಿ ಕಲಸಿದರ
ಚುಂಬಕ ಕಚ್ಚತೈತಿ ಅಂದರು ಮಾಲಕರು,
ಲೇಥಿನವನ ಕಡೆಯಿಂದ ಒಂದು ಡಬ್ಬಿ ತರಿಸಿ ಇಟ್ಟಾರ.

ಡಬ್ಬಿ ಅಲ್ಲೇ ಐತಿ, ಕಟ್ಟಿ ಮ್ಯಾಲ.
ಎರಡು ದಿನಾತು.
ನಾ ಇನ್ನೂ ಮುಚ್ಚಳ ತಗದಿಲ್ಲ.