ಪಿನ್ನು ತೆಗೆದ ಪುಸ್ತಕಗಳು

ಮೊದಲು ಕೈ ತೊಳಕೋ. ವಾಸನೆ ಸೋಪು ಬೇಡ, ಬರೀ ನೀರು.
ಒರೆಸಿಕೊಂಡ ಮೇಲೂ ನೂರು ಎಣಿಸು,
ಬೆರಳ ಸಂದಿಯ ತೇವ ಸುಳ್ಳು ಹೇಳುತ್ತೆ
ಅನ್ನುತ್ತಿದ್ದರು ಬಾಬಾಜಾನ್.

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಹಿಂದಿನ ಓಣಿ,
ಎಂಟು ಬೇಸಿನ್ನಿನ ಫಿಲೇಚರು, ಕತ್ತಲು ಹರಿಯುವ ಮುಂಚೆಯೇ ಹಬೆ.
ಅಂಥ ಮನೆಯಲ್ಲಿ ಕಾಗದ ಉಳಿಸಬೇಕೆಂದರೆ
ಹುಚ್ಚಿರಬೇಕು, ಇಲ್ಲಾ ಹುಳು ಸಾಕಿ ಗೊತ್ತಿರಬೇಕು.
ಅವರಿಗೆ ಎರಡೂ ಇತ್ತು.

ಮಹಡಿಯ ಮೇಲೆ, ಅವರ ತಾಯಿ ಹುಳು ಮೇಯಿಸುತ್ತಿದ್ದ ಕೋಣೆ.
ಗೋಡೆಯಲ್ಲಿ ಈಗಲೂ ಅದೇ ಜೋಡಿ ಉಷ್ಣಮಾಪಕ,
ಒಂದರ ಬುಡಕ್ಕೆ ಒದ್ದೆ ಬಟ್ಟೆ, ಇನ್ನೊಂದು ಬರಿಮೈ.
ಎರಡೂ ಒಂದೇ ಮಾತು ಹೇಳಿದ ದಿನ
ಗಾಳಿಯೊಳಗೆ ನೀರು ಸೇರಿದೆ ಅಂತ;
ಅವತ್ತು ಪೆಟ್ಟಿಗೆ ತೆಗೆಯುವಂತಿಲ್ಲ.
"ಹುಳಕ್ಕೆ ನಾಲ್ಕು ಜ್ವರ ಮುನ್ನೀ, ಬಿದ್ದು ಏಳುತ್ತೆ.
ಇವಕ್ಕೆ ಒಂದೇ. ಬಿದ್ದರೆ ಏಳಲ್ಲ."

ಸಾವಿರದ ಇನ್ನೂರ ಹದಿನಾರು.
ಬೇಸಿಗೆ ರಜೆಯ ದಪ್ಪ ಚಿತ್ರಕಥೆಗಳು, ನಿಂತುಹೋದ ವಾರಪತ್ರಿಕೆಗಳು,
ಕ್ಷೌರದಂಗಡಿಯಲ್ಲಿ ಪೆನ್ನಿನ ಮೀಸೆ ಬರೆಸಿಕೊಂಡು ಬಂದ ರಾಜಕುಮಾರಿಯರು,
ಪೊಟ್ಟಣ ಕಟ್ಟುವ ಕೈಯಿಂದ ಬಿಡಿಸಿ ತಂದ ಒಂದು
ಅದಕ್ಕೆ ಕೊನೇ ಹಾಳೆಯಿಲ್ಲ,
ಯಾರೋ ಕಡ್ಲೇಕಾಯಿ ತಿಂದು ಬಿಸಾಕಿದರು,
ಕಳ್ಳ ಇನ್ನೂ ಸಿಕ್ಕಿಲ್ಲ.

ಅವರ ಮನೆಮಾತು ಉರ್ದು, ನಮ್ಮದು ತೆಲುಗು.
ಇಬ್ಬರಿಗೂ ಕನ್ನಡ ಸಿಕ್ಕಿದ್ದು
ಚಿತ್ರದವರ ಬಾಯಿಂದ ಹೊರಟ ಬಿಳಿ ಗುಳ್ಳೆಗಳಲ್ಲಿ.
"ಎಲವೋ ದುರುಳ, ನಿಲ್ಲು!" ಅಂತ
ಸೊಪ್ಪಿನ ಮೂಟೆಯವನ ಮೇಲೆ ಕೂಗಿದ್ದೆ, ಒಂಬತ್ತು ವರ್ಷ ನನಗೆ.
ಪಾಪ, ಸೈಕಲ್ ಇಳಿದು ನಿಂತ.

"ಬಿಸಿಲಿಗೆ ಇಡಬೇಡ. ಕೆಂಪು ಮೊದಲು ಓಡಿಹೋಗುತ್ತೆ,
ಹಿಂದೆಯೇ ಹಳದಿ. ನೀಲಿಯೊಂದೇ ನಿಯತ್ತಿನದು.
ಅಂಗಡಿ ಮುಂದೆ ನೇತುಹಾಕಿದ ರಾಕ್ಷಸರನ್ನ ನೋಡು,
ತಿಂಗಳೊಪ್ಪತ್ತಿಗೆ ನೀಲಿ ತಿರುಗಿ
ದೇವರಾಗಿಬಿಡ್ತಾರೆ."

ಬೆನ್ನಿಗೆ ಸೀರೆ ಅಂಗಡಿಯ ರಟ್ಟು, ಮೇಲೆ ಸೀರೆಯದೇ ಕವರು,
ಪೆಟ್ಟಿಗೆ ಮೂಲೆಗೆ ನೆರಳಲ್ಲಿ ಒಣಗಿಸಿದ ಬೇವು, ಹಾಳೆಗೆ ತಾಗದ ಹಾಗೆ.
ಅಂಟಿನ ಟೇಪು ಕಂಡರೆ ಹಾವು ಕಂಡಂತೆ.
ನುಸಿಗುಳಿಗೆಯೂ ಇಲ್ಲ, ಅಮ್ಮನ ಕೋಣೆ ಅಲ್ಲವಾ.
ಬೆಳ್ಳಿಹುಳ ಸಿಕ್ಕರೆ ಮಾತ್ರ ಹೆಬ್ಬೆರಳು:
"ಅದು ಎಲೆ ತಿಂದು ನೂಲು ಕೊಡ್ತಿತ್ತು.
ನೀನು ಕಥೆ ತಿಂದು ಏನು ಕೊಟ್ಟೆ?"

ಮಿಕ್ಕ ಶತ್ರು ಪುಸ್ತಕದ ಬೆನ್ನಲ್ಲೇ ಇರುವವನು.
ಪಿನ್ನು. ಒಂದು ಮಳೆಗಾಲಕ್ಕೆ ತುಕ್ಕು, ಎರಡಕ್ಕೆ ಕಂದು ಕಲೆ,
ಆಮೇಲೆ ನಡುಹಾಳೆ ತಾನಾಗಿಯೇ ಕೈಗೆ ಬರುತ್ತೆ.
ಒಂದೊಂದನ್ನೂ ಸೂಜಿಯಿಂದ ಎಬ್ಬಿಸಿ ತೆಗೆದು
ಅದೇ ತೂತುಗಳಲ್ಲಿ, ತಮ್ಮದೇ ಬೇಸಿನ್ನಿನ ನೂಲು
ಎರಡೆಳೆ ಹುರಿ ಮಾಡಿ ಹೊಲಿದರು. ಹನ್ನೊಂದು ವರ್ಷ ಹಿಡಿಯಿತು.

ಮೈಸೂರಿನಿಂದ ಬಂದಾತ ಭೂತಗನ್ನಡಿ ಇಟ್ಟು ನೋಡಿದ.
"ಮೂಲ ಪಿನ್ನಿಲ್ಲ. ಬೆಲೆ ಅರ್ಧ."
ಬಾಬಾಜಾನ್ ಒಳಗೆ ಹೋಗಿ ಹಾರ್ಲಿಕ್ಸ್ ಬಾಟ್ಲಿ ತಂದು
ಚಾಪೆಯ ಮೇಲೆ ಸುರಿದರು. ಎರಡು ಸಾವಿರಕ್ಕೂ ಮೇಲೆ, ಕೆಂಪಗೆ.
"ನಿಮ್ಮದು ಯಾವುದೋ ಆರಿಸ್ಕೊಳ್ಳಿ ಸಾರ್."
ಆತ ನಗಲಿಲ್ಲ. ಚಹ ಕುಡಿದ.
ಮೆಟ್ಟಿಲಿಳಿಯುವಾಗ ತಿರುಗಿ, ಆ ನೂಲು ಎಷ್ಟು ವರ್ಷ ಬಾಳುತ್ತೆ ಅಂತ ಕೇಳಿದ.

ಈಗ ಹಬೆ ಅವರ ಕಣ್ಣೊಳಗೇ ಇದೆ.
ಭಾನುವಾರ ನಾನು ಓದುತ್ತೇನೆ, ಅವರು ಬೆನ್ನಿನ ನೂಲು ಸವರುತ್ತಾ ಕೇಳುತ್ತಾರೆ,
ಮುಂದಿನ ಚೌಕದಲ್ಲಿ ಯಾರು ಬೀಳುತ್ತಾರೆ ಅಂತ ನನಗಿಂತ ಮೊದಲೇ ನಗುತ್ತಾರೆ.
ಕೊನೇ ಹಾಳೆಯಿಲ್ಲದ್ದನ್ನ ಮಾತ್ರ ಓದಿಸಿಕೊಳ್ಳುವುದಿಲ್ಲ.

"ಕೈ ತೊಳೆದೆಯಾ?"
ಹೂಂ ಅಂದೆ.
"ನೂರು?"
ಅರವತ್ತಕ್ಕೇ ನಿಲ್ಲಿಸಿದ್ದೆ.
ಸುಮ್ಮನಿದ್ದರು ಸ್ವಲ್ಪ ಹೊತ್ತು. ಆಮೇಲೆ ತಾವೇ,
ಅರವತ್ತೊಂದು ಅಂದರು,
ಅರವತ್ತೆರಡು.